ಸ್ಥಿರ ಸೈಟ್‌ನ ಸಿಂಗಲ್ ಆಕ್ಷನ್ ರಿವಾಲ್ವರಿನ ಗುರಿ ಹೊಂದಾಣಿಕೆ

ಸ್ಥಿರ ಸೈಟ್‌ನ ಸಿಂಗಲ್ ಆಕ್ಷನ್ ರಿವಾಲ್ವರಿನ ಗುರಿ ಹೊಂದಾಣಿಕೆ ಎಂದರೆ, ಅಂತಹ ರಿವಾಲ್ವರಿನಲ್ಲಿ ಗುರಿಯಿಟ್ಟ ಬಿಂದುವಿಗೂ ಗುಂಡು ತಾಗುವ ಬಿಂದುವಿಗೂ ನಡುವೆ ಕಾಣುವ ವ್ಯತ್ಯಾಸವನ್ನು ನಿವಾರಿಸುವ ಕ್ರಮ. ಗುರಿ ಹಿಡಿಯಲು ಬಂದೂಕಿನ ಮೇಲ್ಭಾಗದಲ್ಲಿರುವ ಗುರುತುಗಳನ್ನು ಸೈಟ್‌ಗಳೆಂದು ಕರೆಯುತ್ತಾರೆ. ಸ್ಥಿರ ಸೈಟ್‌ಗಳನ್ನು ಸರಿಸಲು ತಿರುಪುಮೊಳೆಗಳಿರುವುದಿಲ್ಲ. ಆದ್ದರಿಂದ ಇಲ್ಲಿ ಹೊಂದಾಣಿಕೆ ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ಆಯುಧದ ಲೋಹವನ್ನೇ ಬದಲಿಸುವುದು. ಅರದಿಂದ ಉಜ್ಜಿ ತೆಗೆದ ಲೋಹವನ್ನು ಮರಳಿ ಕೂಡಿಸುವುದು ಸುಲಭವಲ್ಲವಾದುದರಿಂದ, ದೋಷದ ಮೂಲವನ್ನು ಖಚಿತಪಡಿಸಿಕೊಳ್ಳುವುದೇ ಈ ಕೆಲಸದ ಮೊದಲ ಹಾಗೂ ಮುಖ್ಯ ಹಂತವಾಗಿದೆ.

ಹಿನ್ನೆಲೆ

ಪ್ರತಿ ಬಾರಿ ಗುಂಡು ಹಾರಿಸುವ ಮುನ್ನ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕಾದ ರಿವಾಲ್ವರಿಗೆ ಸಿಂಗಲ್ ಆಕ್ಷನ್ ರಿವಾಲ್ವರ್ ಎಂದು ಹೆಸರು. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಅಮೆರಿಕದ ಕೋಲ್ಟ್ ಸಂಸ್ಥೆಯ ಸಿಂಗಲ್ ಆಕ್ಷನ್ ಆರ್ಮಿ. 1873ರಲ್ಲಿ ಅಮೆರಿಕದ ಸೇನೆ ಇದನ್ನು ಸ್ವೀಕರಿಸಿತು. ಅಶ್ವದಳಕ್ಕೆ ನೀಡಿದ ಮಾದರಿಯ ನಳಿಕೆ ಏಳೂವರೆ ಅಂಗುಲ ಉದ್ದವಿತ್ತು. ಕುದುರೆಯ ಮೇಲಿನ ಸವಾರನಿಗೆ ಬೇಕಾಗಿದ್ದುದು ಒರೆಯಿಂದ ಎಳೆಯುವಾಗ ಸಿಕ್ಕಿಕೊಳ್ಳದ, ಬಿದ್ದರೂ ಸ್ಥಾನ ತಪ್ಪದ ಗಟ್ಟಿಯಾದ ಸೈಟ್. ಸ್ಥಿರ ಸೈಟ್ ಆ ಅಗತ್ಯವನ್ನು ಪೂರೈಸಿತು. ಇಂದಿಗೂ ಈ ಮಾದರಿಯ ಪ್ರತಿಕೃತಿಗಳು ತಯಾರಾಗುತ್ತಿವೆ. ಅಮೆರಿಕದ ಕೌಬಾಯ್ ಆಕ್ಷನ್ ಶೂಟಿಂಗ್ ಎಂಬ ಕ್ರೀಡೆಯಲ್ಲಿ ಇವುಗಳ ಬಳಕೆ ಹೆಚ್ಚು.

ರಚನೆ

ಮುಂದಿನ ಸೈಟ್ ನಳಿಕೆಯ ತುದಿಯಲ್ಲಿ ನಿಂತಿರುವ ತೆಳುವಾದ ಲೋಹದ ಅಲಗು. ಹಿಂದಿನ ಸೈಟ್ ಪ್ರತ್ಯೇಕ ಭಾಗವಲ್ಲ. ಸಿಲಿಂಡರಿನ ಮೇಲೆ ಹಾದುಹೋಗುವ ಚೌಕಟ್ಟಿನ ಪಟ್ಟಿಯಲ್ಲಿ ಕೊರೆದ ಗಾಡಿ. ಗಾಡಿಯೊಳಗೆ ಅಲಗು ನಡುಮಧ್ಯದಲ್ಲಿ ನಿಂತು, ಎರಡೂ ಬದಿಗಳಲ್ಲಿ ಸಮಾನ ಬೆಳಕು ಕಂಡು, ಎರಡರ ಮೇಲಂಚುಗಳು ಒಂದೇ ಮಟ್ಟದಲ್ಲಿದ್ದಾಗ ಗುರಿ ಸರಿಯಾಗಿ ಹಿಡಿದಂತಾಗುತ್ತದೆ. ಈ ವೇಳೆ ಕಣ್ಣಿನ ನೋಟ ಮುಂದಿನ ಸೈಟ್‌ನ ಮೇಲೆ ಕೇಂದ್ರೀಕೃತವಾಗಿರಬೇಕು.

ನಳಿಕೆಯನ್ನು ಚೌಕಟ್ಟಿಗೆ ತಿರುಪಿನ ಮೂಲಕ ಬಿಗಿದಿರುತ್ತಾರೆ. ಅಲಗು ನಳಿಕೆಗೆ ಅಂಟಿಕೊಂಡಿರುವುದರಿಂದ ನಳಿಕೆ ಸ್ವಲ್ಪ ಹೆಚ್ಚು ಅಥವಾ ಕಡಿಮೆ ಬಿಗಿಯಾದರೂ ಅಲಗು ಬಲಕ್ಕೋ ಎಡಕ್ಕೋ ವಾಲುತ್ತದೆ.

ದೋಷದ ಕಾರಣಗಳು

ಗುಂಡು ನಳಿಕೆಯೊಳಗೆ ಚಲಿಸುತ್ತಿರುವಾಗಲೇ ರಿವಾಲ್ವರ್ ಹಿಂದಕ್ಕೆ ಒದೆಯತೊಡಗುತ್ತದೆ ಮತ್ತು ನಳಿಕೆಯ ಬಾಯಿ ಮೇಲಕ್ಕೇಳುತ್ತದೆ. ಇದನ್ನು ಸರಿದೂಗಿಸಲು ಮುಂದಿನ ಅಲಗನ್ನು ಎತ್ತರವಾಗಿ ಮಾಡಿರುತ್ತಾರೆ. ಭಾರವಾದ ಗುಂಡು ಸಾಮಾನ್ಯವಾಗಿ ನಿಧಾನವಾಗಿ ಸಾಗಿ ನಳಿಕೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಅಷ್ಟರಲ್ಲಿ ಬಾಯಿ ಇನ್ನಷ್ಟು ಮೇಲೆದ್ದಿರುವುದರಿಂದ ಅದು ಗುರಿಯಲ್ಲಿ ಮೇಲೆ ತಾಗುತ್ತದೆ. ಹಗುರವೂ ವೇಗಶಾಲಿಯೂ ಆದ ಗುಂಡು ಕೆಳಗೆ ತಾಗುತ್ತದೆ. .45 ಕೋಲ್ಟ್ ಕಾರ್ಟ್ರಿಜ್‌ನ ಮೂಲ ಗುಂಡಿನ ತೂಕ 255 ಗ್ರೇನ್, ಅಂದರೆ ಸುಮಾರು 16.5 ಗ್ರಾಂ. ಅದಕ್ಕೆ ಹೊಂದಿಸಿದ ಸೈಟ್ ಬೇರೆ ತೂಕದ ಗುಂಡಿಗೆ ಹೊಂದದಿರಬಹುದು.

ಪಕ್ಕಕ್ಕೆ ಸರಿಯುವ ದೋಷಕ್ಕೆ ವಾಲಿದ ಅಲಗು ಸಾಮಾನ್ಯ ಕಾರಣ. ಆದರೆ ಎಷ್ಟೋ ಬಾರಿ ದೋಷವಿರುವುದು ಆಯುಧದಲ್ಲಲ್ಲ, ಕೈಯಲ್ಲಿ. ಬಲಗೈ ಬಳಸುವವರು ಟ್ರಿಗರನ್ನು ಥಟ್ಟನೆ ಎಳೆದರೆ ಗುಂಡು ಎಡಕ್ಕೆ ಮತ್ತು ಕೆಳಕ್ಕೆ ಹೋಗುತ್ತದೆ.

ಪರೀಕ್ಷೆ

ಕೈಯನ್ನು ಮರಳಿನ ಚೀಲದ ಮೇಲೆ ಊರಿ, ಒಂದೇ ಬಗೆಯ ಕಾರ್ಟ್ರಿಜ್‌ಗಳಿಂದ ಐದೈದು ಗುಂಡುಗಳ ಹಲವು ಸುತ್ತುಗಳನ್ನು ಹಾರಿಸಿ ನೋಡಬೇಕು. ಒಂದು ಗುಂಡಿನಿಂದ ಏನನ್ನೂ ತೀರ್ಮಾನಿಸಲಾಗದು. ಗುಂಡುಗಳ ಗುಂಪಿನ ಮಧ್ಯಬಿಂದುವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಗುಂಡುಗಳು ಚೆದುರಿ ಬಿದ್ದರೆ ಅದು ಸೈಟ್‌ನ ದೋಷವಲ್ಲ. ಒತ್ತಾಗಿ ಬಿದ್ದು ಗುರಿಯಿಂದ ದೂರವಿದ್ದರೆ, ಅನುಭವಿಯಾದ ಮತ್ತೊಬ್ಬರಿಂದಲೂ ಹಾರಿಸಿ ನೋಡಬೇಕು. ಇಬ್ಬರ ಫಲಿತಾಂಶವೂ ಒಂದೇ ಆದಾಗ ಮಾತ್ರ ಸೈಟ್‌ನಲ್ಲಿ ದೋಷವಿದೆಯೆಂದು ಹೇಳಬಹುದು.

ಲೆಕ್ಕಾಚಾರ

ಸರಿಪಡಿಸಬೇಕಾದ ಪ್ರಮಾಣವನ್ನು ಸಮರೂಪ ತ್ರಿಭುಜಗಳ ನಿಯಮದಿಂದ ಪಡೆಯಬಹುದು. ಗುರಿಯಲ್ಲಿ ಕಂಡ ದೋಷವನ್ನು ಎರಡು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. ಉದಾಹರಣೆಗೆ, 25 ಮೀಟರ್ ದೂರದಲ್ಲಿ ಗುಂಡುಗಳು 75 ಮಿಲಿಮೀಟರ್ ಕೆಳಗೆ ತಾಗುತ್ತಿದ್ದು, ಸೈಟ್‌ಗಳ ನಡುವಿನ ಅಂತರ 160 ಮಿಲಿಮೀಟರ್ ಇದ್ದರೆ, ಅಲಗಿನ ಎತ್ತರದಲ್ಲಿ ತಗ್ಗಿಸಬೇಕಾದುದು ಕೇವಲ 0.48 ಮಿಲಿಮೀಟರ್. ಕೆಲಸದಲ್ಲಿ ಎಷ್ಟು ಸೂಕ್ಷ್ಮತೆ ಬೇಕೆಂಬುದು ಇದರಿಂದ ತಿಳಿಯುತ್ತದೆ.

ಸರಿಪಡಿಸುವ ವಿಧಾನಗಳು

ಸ್ಥಿರ ಸೈಟ್‌ಗಳಿಗೆ ಅನ್ವಯಿಸುವ ಮೂಲ ನಿಯಮವಿದು: ಮುಂದಿನ ಸೈಟನ್ನು ದೋಷವಿರುವ ದಿಕ್ಕಿಗೇ ಸರಿಸಬೇಕು. ಗುಂಡು ಎಡಕ್ಕೆ ಹೋದರೆ ಅಲಗು ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಕೆಳಗೆ ತಾಗಿದರೆ ಅಲಗು ತಗ್ಗಬೇಕು, ಮೇಲೆ ತಾಗಿದರೆ ಎತ್ತರವಾಗಬೇಕು.

ಕಾರ್ಟ್ರಿಜ್ ಬದಲಾವಣೆ: ಲೋಹವನ್ನು ಮುಟ್ಟದೆ ಮಾಡಬಹುದಾದ ಏಕೈಕ ವಿಧಾನವಾದುದರಿಂದ ಇದನ್ನೇ ಮೊದಲು ಪ್ರಯತ್ನಿಸುವುದು ವಾಡಿಕೆ. ಗುಂಡು ಕೆಳಗೆ ತಾಗುತ್ತಿದ್ದರೆ ಭಾರವಾದ ಗುಂಡನ್ನೂ, ಮೇಲೆ ತಾಗುತ್ತಿದ್ದರೆ ಹಗುರವಾದುದನ್ನೂ ಬಳಸಿ ನೋಡಬಹುದು. ಆ ರಿವಾಲ್ವರಿಗೆ ತಯಾರಕರು ಸೂಚಿಸಿದ ಒತ್ತಡದ ಮಿತಿಯನ್ನು ಮೀರಬಾರದು.

ನಳಿಕೆಯನ್ನು ತಿರುಗಿಸುವುದು: ಪಕ್ಕದ ದೋಷಕ್ಕೆ ಇದು ಸರಿಯಾದ ಪರಿಹಾರ. ನಳಿಕೆಯನ್ನು ಬಿಗಿ ಮಾಡಿದರೆ ಅಲಗು ಹಾರಿಸುವವರ ಎಡಕ್ಕೆ ಸರಿದು ಗುಂಡು ಬಲಕ್ಕೆ ಹೋಗುತ್ತದೆ. ಸಡಿಲಿಸಿದರೆ ಇದರ ವಿಪರೀತ. ಮೇಲಿನ ಉದಾಹರಣೆಯಷ್ಟೇ ದೋಷ ಪಕ್ಕಕ್ಕಿದ್ದು, ನಳಿಕೆಯ ಮಧ್ಯರೇಖೆಯಿಂದ ಅಲಗಿನ ತುದಿ 16 ಮಿಲಿಮೀಟರ್ ಮೇಲಿದ್ದರೆ, ತಿರುಗಿಸಬೇಕಾದುದು ಎರಡು ಡಿಗ್ರಿಗಿಂತಲೂ ಕಡಿಮೆ. ಈ ಕೆಲಸಕ್ಕೆ ನಳಿಕೆಯನ್ನು ಹಿಡಿಯುವ ಅಚ್ಚು ಮತ್ತು ಚೌಕಟ್ಟಿಗೆ ಹೊಂದುವ ವಿಶೇಷ ಉಪಕರಣ ಬೇಕು. ಸಿಲಿಂಡರ್ ಕೂರುವ ಖಾಲಿ ಜಾಗದಲ್ಲಿ ಕೋಲು ತೂರಿಸಿ ತಿರುಗಿಸಿದರೆ ಚೌಕಟ್ಟೇ ತಿರುಚಿಕೊಂಡು ಆಯುಧ ಹಾಳಾಗುತ್ತದೆ. ನಳಿಕೆಯ ಪಕ್ಕದಲ್ಲಿರುವ, ಖಾಲಿ ಕಾರ್ಟ್ರಿಜ್ ಹೊರತಳ್ಳುವ ಕಡ್ಡಿಯೂ ಜೊತೆಗೆ ಸರಿಯುವುದರಿಂದ, ಅದು ಸಿಲಿಂಡರಿನ ಕೋಶಗಳಿಗೆ ನೇರವಾಗಿದೆಯೇ ಎಂದು ನೋಡಬೇಕು. ಆದ್ದರಿಂದ ಇದನ್ನು ಪರಿಣತರಿಗೇ ಒಪ್ಪಿಸುವುದು ಲೇಸು.

ಗಾಡಿಯನ್ನು ಅಗಲಿಸುವುದು: ಪಕ್ಕದ ದೋಷ ಅಲ್ಪವಾಗಿದ್ದರೆ ಹಿಂದಿನ ಗಾಡಿಯ ಒಂದು ಬದಿಯನ್ನು ಉಜ್ಜಿ ಅಗಲಿಸುವುದೂ ಉಂಟು. ಹಿಂದಿನ ಸೈಟ್‌ಗೆ ನಿಯಮ ತಿರುವುಮುರುವು: ಗುಂಡು ಎಡಕ್ಕೆ ಹೋಗುತ್ತಿದ್ದರೆ ಬಲಬದಿಯನ್ನು ಅಗಲಿಸಬೇಕು. ಅಲಗನ್ನು ಬಗ್ಗಿಸುವುದು ಸೂಕ್ತವಲ್ಲ. ಅದು ಬಿರುಕು ಬಿಡಬಹುದು.

ಅಲಗನ್ನು ಉಜ್ಜುವುದು: ಗುಂಡು ಕೆಳಗೆ ತಾಗುವ ದೋಷವನ್ನು ಅಲಗಿನ ಮೇಲಂಚನ್ನು ಸಣ್ಣ ಹಲ್ಲಿನ ಅರದಿಂದ ಉಜ್ಜಿ ಸರಿಪಡಿಸುತ್ತಾರೆ. ಪಕ್ಕದ ದೋಷವನ್ನು ಮೊದಲು ನಿವಾರಿಸಿ, ಎತ್ತರವನ್ನು ಕೊನೆಗೆ ಮುಟ್ಟಬೇಕು. ಲೆಕ್ಕದಲ್ಲಿ ಬಂದ ಅಳತೆಯ ಅರ್ಧದಷ್ಟನ್ನು ಮಾತ್ರ ಮೊದಲು ತೆಗೆದು, ಹಾರಿಸಿ ನೋಡಿ, ಮತ್ತೆ ಸ್ವಲ್ಪಸ್ವಲ್ಪವೇ ಮುಂದುವರಿಯಬೇಕು. ಮೇಲಂಚು ಸಮತಟ್ಟಾಗಿರಬೇಕು. ಕೊನೆಯಲ್ಲಿ ಹೊಳೆಯುವ ಲೋಹಕ್ಕೆ ಕಪ್ಪು ಲೇಪ ಕೊಡುತ್ತಾರೆ.

ಅಲಗನ್ನು ಎತ್ತರಿಸುವುದು: ಗುಂಡು ಮೇಲೆ ತಾಗುತ್ತಿದ್ದು ಹಗುರವಾದ ಗುಂಡಿನಿಂದಲೂ ಸರಿಹೋಗದಿದ್ದರೆ, ಅಲಗಿಗೆ ಲೋಹವನ್ನು ಬೆಸೆದು ಎತ್ತರಿಸಬೇಕು ಅಥವಾ ಹೊಸ ಅಲಗನ್ನು ಕೂರಿಸಬೇಕು. ಮಿತಿಮೀರಿ ಉಜ್ಜಿದವರಿಗೂ ಉಳಿಯುವ ದಾರಿ ಇದೊಂದೇ.

ಸುರಕ್ಷತೆ ಮತ್ತು ಕಾನೂನು

ಯಾವುದೇ ಕೆಲಸಕ್ಕೆ ಮುನ್ನ ಸಿಲಿಂಡರಿನ ಎಲ್ಲ ಕೋಶಗಳೂ ಖಾಲಿಯಾಗಿವೆಯೇ ಎಂದು ಒಂದೊಂದಾಗಿ ನೋಡಿ, ಕಾರ್ಟ್ರಿಜ್‌ಗಳನ್ನು ಬೇರೆಡೆ ಇರಿಸಬೇಕು. ಹಳೆಯ ವಿನ್ಯಾಸದ ರಿವಾಲ್ವರುಗಳಲ್ಲಿ ಹ್ಯಾಮರ್ ಕೆಳಗಿನ ಕೋಶವನ್ನು ಖಾಲಿ ಬಿಟ್ಟು ಐದೇ ಗುಂಡುಗಳನ್ನು ತುಂಬುವುದು ರೂಢಿ. ಆಯುಧ ಕೆಳಗೆ ಬಿದ್ದರೆ ಗುಂಡು ಹಾರುವ ಅಪಾಯವನ್ನು ಇದು ತಪ್ಪಿಸುತ್ತದೆ. ಪರೀಕ್ಷೆಯನ್ನು ಅಧಿಕೃತ ಅಭ್ಯಾಸ ಸ್ಥಳದಲ್ಲಿ, ಕಣ್ಣು ಮತ್ತು ಕಿವಿಗಳಿಗೆ ರಕ್ಷಣೆ ಧರಿಸಿಯೇ ನಡೆಸಬೇಕು.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕನ್ನು ಹೊಂದಲು ಮಾತ್ರವಲ್ಲದೆ, ಬಂದೂಕುಗಳ ತಯಾರಿಕೆ, ಮಾರಾಟ ಹಾಗೂ ದುರಸ್ತಿಯ ವ್ಯವಹಾರ ನಡೆಸಲೂ ಪರವಾನಗಿ ಅಗತ್ಯ. ಆದ್ದರಿಂದ ಇಲ್ಲಿ ಇಂತಹ ಕೆಲಸವನ್ನು ಪರವಾನಗಿ ಪಡೆದ ದುರಸ್ತಿಗಾರರಿಂದಲೇ ಮಾಡಿಸಬೇಕು.