ಗುಜರಿಗೆ ಹೋಗದ ಗಾಡಿಗಳು: ಹಳೇ ಕಾರು, ಏರುವ ಖರ್ಚು ಮತ್ತು ನಮ್ಮ ಎಡೆದೊರೆ ನಾಡು

ಸಿಂಧನೂರಿನ ಬಸ್‌ಸ್ಟ್ಯಾಂಡಲ್ಲಿ ಇಯರ್‌ಫೋನ್ ಹಾಕ್ಕೊಂಡು ನಿಂತವರಿಗೆ, ಲಿಂಗಸುಗೂರಿನಿಂದ ಮಸ್ಕಿ ಕಡೆ ಹೊರಟವರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಕಂತು ಹಳೇ ಕಾರುಗಳ ಬಗ್ಗೆ. ಸರಿಯಾಗಿ ಹೇಳಬೇಕಂದ್ರೆ, ಹಳೇ ಕಾರು ಇಟ್ಕೊಂಡು, ಅದರ ಜೊತೆ ತಾವೂ ಹಳಬರಾಗ್ತಿರೋ ಜನರ ಬಗ್ಗೆ.

ಮೊದಲು ಖರ್ಚಿನ ಸುದ್ದಿ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ ಹಿಂದೆ 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ ಅದು 5,000 ಆಯ್ತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳಿಗೆ 10,000, ಬೈಕುಗಳಿಗೆ 2,000 ಅಂತ ಮಾಡ್ತು. ಪೆಟ್ರೋಲ್ ಅಂತೂ 2021ರಲ್ಲೇ ಲೀಟರಿಗೆ 100 ದಾಟಿತ್ತು. ಅಪ್ಪನ ಕಾಲದ ಫಿಯೆಟ್ಟನ್ನ ಶೆಡ್ಡಲ್ಲಿ ಇಟ್ಕೊಂಡವರು ಈಗ ಕೇಳೋದು ಒಂದೇ ಪ್ರಶ್ನೆ: ಈ ಹುಚ್ಚು ಇನ್ನು ಸಾಹುಕಾರರಿಗೆ ಮಾತ್ರಾನಾ?

ಉತ್ತರ ಹುಡುಕಬೇಕಂದ್ರೆ ಒಂದು ನೂರು ವರ್ಷ ಹಿಂದೆ ಹೋಗಬೇಕು ನೋಡ್ರಿ.

ಕೃಷ್ಣಾ, ತುಂಗಭದ್ರೆಯ ನಡುವಿನ ಈ ನಾಡು 1956ರ ನವೆಂಬರ್ 1ರವರೆಗೂ ಹೈದರಾಬಾದಿನ ಭಾಗ. ಆಗ ಕಾರು ಅಂದ್ರೆ ದರ್ಬಾರಿನ ವಸ್ತು. ಆರನೇ ನಿಜಾಮ ಮಹಬೂಬ್ ಅಲಿ ಖಾನ್ 1911ರಲ್ಲಿ ರೋಲ್ಸ್ ರಾಯ್ಸ್ ಕಂಪನಿಗೆ ಒಂದು ಸಿಲ್ವರ್ ಘೋಸ್ಟ್ ಆರ್ಡರ್ ಕೊಟ್ಟ. ಒಳಗೆ ಸಿಂಹಾಸನದಂಥ ಆಸನ ಇದ್ದ ಹಳದಿ ಕಾರು ಅದು. ಕಾರು ಬರೋದಕ್ಕೆ ಮುಂಚೆ, ಅದೇ ವರ್ಷ, ಆತ ತೀರಿಕೊಂಡ. ಆಮೇಲೂ ಆ ಕಾರು ಓಡಿದ್ದು ಕೆಲವೇ ನೂರು ಮೈಲಿ, ಅದೂ ಮೆರವಣಿಗೆಗೆ. ಅಂದ್ರೆ ದುಡ್ಡಿದ್ದವರ ಹತ್ತಿರ ಕಾರು ನಿಂತೇ ಇತ್ತು. ಜನರಿಗೆ ಮೋಟಾರು ಹತ್ತಿರ ಆಗಿದ್ದು ಬಸ್ಸಿನ ಮೂಲಕ. 1932ರ ಜೂನ್‌ನಲ್ಲಿ ನಿಜಾಮರ ರೈಲ್ವೆ 27 ವಾಹನ, 166 ನೌಕರರನ್ನ ಇಟ್ಕೊಂಡು ರಸ್ತೆ ಸಾರಿಗೆ ಶುರು ಮಾಡ್ತು.

ಎರಡನೇ ತಿರುವು ನೀರಿನದು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಆಯ್ತು, ಎಡದಂಡೆ ಕಾಲುವೆ ಸಿಂಧನೂರಿನ ಸೀಮೆಗೆ ಬಂತು. ಜೋಳ, ಹತ್ತಿ ಬೆಳೀತಿದ್ದ ಎರೆ ಹೊಲದಲ್ಲಿ ಭತ್ತ ಬಂತು, ಕ್ಯಾಂಪುಗಳು ಬಂದವು, ಭತ್ತದ ಹಿಂದೆ ಟ್ರ್ಯಾಕ್ಟರು, ಜೀಪು, ಲಾರಿ. ಟ್ರ್ಯಾಕ್ಟರ್ ಇದ್ದಲ್ಲಿ ಲೇತ್ ಬೇಕು, ವೆಲ್ಡಿಂಗ್ ಬೇಕು, ಒಬ್ಬ ಮಿಸ್ತ್ರಿ ಬೇಕೇ ಬೇಕು. ನಾಟಿ ಟೈಮಲ್ಲಿ ಗಾಡಿ ಕೆಟ್ಟರೆ ಕಂಪನಿ ಸಾಮಾನು ಬರೋ ತನಕ ರೈತ ಕಾಯೋದಿಲ್ಲ. ಇದ್ದ ಸಾಮಾನಲ್ಲೇ ಬುಷ್ ತಿರುಗಿಸಿ, ಶಾಫ್ಟ್ ತುಂಬಿ ಹೊಲಕ್ಕೆ ಕಳಿಸಬೇಕು. ನಮ್ಮ ಭಾಗದ ಹಳೇ ಗಾಡಿ ಪ್ರೀತಿಯ ಬೇರು ಇಲ್ಲೇ ಇದೆ. ಅದು ಹುಟ್ಟಿದ್ದು ಶೋಕಿಯಿಂದ ಅಲ್ಲ, ಅಗತ್ಯದಿಂದ.

ಕಾರಿನ ಕಥೆಯೂ ಹಾಗೇ. 1950ರ ದಶಕದ ಕೊನೆಗೆ ಬಂದ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ರೂಪ. ಇನ್ನೊಂದು ಕಡೆ ಫಿಯೆಟ್ 1100, ಅದಕ್ಕೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾಯ್ತು. ಅದು ಲೈಸೆನ್ಸ್ ರಾಜ್ ಕಾಲ. ಎಷ್ಟು ಕಾರು ತಯಾರಾಗಬೇಕು ಅನ್ನೋದನ್ನೂ ಸರ್ಕಾರವೇ ಹೇಳ್ತಿತ್ತು, ದುಡ್ಡು ಕಟ್ಟಿದವರೂ ವರ್ಷಗಟ್ಟಲೆ ಕಾಯ್ತಿದ್ರು. ಹಾಗಾಗಿ ಹಳೇ ಕಾರನ್ನ ಉಳಿಸ್ಕೊಳ್ಳೋದು ಹವ್ಯಾಸ ಆಗಿರಲಿಲ್ಲ, ಬೇರೆ ದಾರಿನೇ ಇರಲಿಲ್ಲ.

ಈಗ ಬೆಲೆ ಏರಿಕೆಗೆ ಬರೋಣ. ಇದು ನಮ್ಮ ಕಾಲದ ಹೊಸ ಕಷ್ಟ ಅಂದ್ಕೊಂಡಿದ್ದೀರಾ? 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ತಡೆದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯ್ತು. ನಾಲ್ಕು ಪಟ್ಟು! ಕಾರಿನ ಕಾಲ ಮುಗೀತು ಅಂತ ಆಗಲೂ ಅಂದ್ರು. ಜನ ಏನು ಮಾಡಿದ್ರು? ಕಡಿಮೆ ಓಡಿಸಿದ್ರು, ಕಾರ್ಬ್ಯುರೇಟರ್ ಟ್ಯೂನ್ ಮಾಡಿಸಿದ್ರು, ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿದ್ರು. 1980ರ ಆಸುಪಾಸಿಗೆ ಅಂಬಾಸಿಡರ್ ಡೀಸೆಲ್‌ನಲ್ಲೂ ಬಂತು, ಅದೇ ದೇಶದ ಮೊದಲ ಡೀಸೆಲ್ ಕಾರು.

2000ದ ಫೆಬ್ರವರಿಯಿಂದ ದೇಶದ ಎಲ್ಲಾ ಕಡೆ ಸೀಸ ಇಲ್ಲದ ಪೆಟ್ರೋಲ್ ಬಂದಾಗ ಹಳೇ ಇಂಜಿನ್ನಿನ ವಾಲ್ವ್ ಸೀಟು ಸವೆದು ಹೋಗುತ್ತೆ ಅನ್ನೋ ಭಯ ಇತ್ತು. ಗಟ್ಟಿ ವಾಲ್ವ್ ಸೀಟ್ ಕೂರಿಸಿದವರ ಗಾಡಿಗಳು ಇವತ್ತೂ ಓಡ್ತಾ ಇವೆ. ಈಗಿನ ಭಯ 20% ಎಥನಾಲ್ ಬೆರೆತ ಇ20 ಪೆಟ್ರೋಲಿನದು. ಭಯ ಸುಳ್ಳಲ್ಲ. ಎಥನಾಲ್ ನೀರು ಹೀರ್ಕೊಳ್ಳುತ್ತೆ, ಹಳೇ ರಬ್ಬರ್ ಪೈಪು, ಗ್ಯಾಸ್ಕೆಟ್ ತಿನ್ನುತ್ತೆ. ಆದ್ರೆ ಎಥನಾಲ್ ತಡೆಯೋ ಪೈಪ್ ಹಾಕಿಸೋದು, ತಿಂಗಳುಗಟ್ಟಲೆ ಟ್ಯಾಂಕಲ್ಲಿ ಪೆಟ್ರೋಲ್ ಕೊಳೆಯೋಕೆ ಬಿಡದೇ ಇರೋದು, ಇವು ಇಂಜಿನ್ ಬಿಚ್ಚಿಸೋದಕ್ಕಿಂತ ಎಷ್ಟೋ ಅಗ್ಗದ ಕೆಲಸ.

ಇನ್ನೊಂದು ಕಥೆ ನಮ್ಮ ರಾಜ್ಯದ್ದೇ, ಆದ್ರೆ ಎರಡು ಚಕ್ರದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಿಂದ ಜಾವಾ, ಆಮೇಲೆ ಯೆಜ್ಡಿ ಬೈಕ್ ಮಾಡ್ತಿತ್ತು. 1996ರಲ್ಲಿ ಮುಚ್ಚಿತು. ಕಂಪನಿಯೇ ಇಲ್ಲ, ಬಿಡಿ ಭಾಗ ಎಲ್ಲಿಂದ ತರೋದು? ಆದ್ರೂ ಜನ ಬೈಕುಗಳನ್ನ ಗುಜರಿಗೆ ಹಾಕಲಿಲ್ಲ. ಬೆಂಗಳೂರಲ್ಲಿ ಕ್ಲಬ್ ಕಟ್ಕೊಂಡ್ರು, ಪ್ರತಿ ಜುಲೈನಲ್ಲಿ ಜಾವಾ ದಿನ ಮಾಡಿದ್ರು, ಒಬ್ಬರ ಹತ್ತಿರ ಇದ್ದ ಸಾಮಾನು ಇನ್ನೊಬ್ಬರಿಗೆ ಹೋಯ್ತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. 22 ವರ್ಷ ಆ ಹೆಸರನ್ನ ಜೀವಂತ ಇಟ್ಟವರು ಬಳಸಿದ ಜನ ಮತ್ತು ಬೀದಿ ಬದಿಯ ಮಿಸ್ತ್ರಿಗಳು.

ಸರಿ, ಗಾಡಿ ಉಳೀತು. ಮನುಷ್ಯರ ವಯಸ್ಸು? ನಿಜವಾದ ಚಿಂತೆ ಇದೇ. ಮೊಣಕಾಲು ನೋಯುವಾಗ ಗಾಡಿ ಕೆಳಗೆ ಮಲಗೋಕೆ ಆಗಲ್ಲ. ಪವರ್ ಸ್ಟೀರಿಂಗ್ ಇಲ್ಲದ ಅಂಬಾಸಿಡರ್ ತಿರುಗಿಸೋಕೆ ರಟ್ಟೆ ಬೇಕು. ಪಾಯಿಂಟ್ ಸೆಟ್ ಮಾಡೋದು, ಶಬ್ದ ಕೇಳಿಯೇ ಟೈಮಿಂಗ್ ಹೇಳೋದು ಬಲ್ಲ ಮಿಸ್ತ್ರಿಗಳಿಗೂ ಈಗ ವಯಸ್ಸಾಗಿದೆ. ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲೇ ನಿಂತಿತು. ಈಗಿನ ಹುಡುಗರು ಕಲಿಯೋದು ಸ್ಕ್ಯಾನರ್ ಹಚ್ಚಿ ದೋಷ ಓದೋದು. ಕಾರ್ಬ್ಯುರೇಟರ್ ವಿದ್ಯೆ ಯಾವ ಸ್ಕ್ಯಾನರಲ್ಲೂ ಇಲ್ಲ, ಅದು ಕೈಯಲ್ಲಿದೆ, ಕಿವಿಯಲ್ಲಿದೆ. ಆ ಕೈ ಹೋದ್ರೆ ವಿದ್ಯೆಯೂ ಹೋಗುತ್ತೆ.

ಅದಕ್ಕೇ ಈ ಕಂತು ನಿಮಗೆ, ಅಂದ್ರೆ ಇಪ್ಪತ್ತರ ಆಸುಪಾಸಿನವರಿಗೆ. ನಿಮ್ಮ ಹತ್ತಿರ ಫೋನಿದೆ, ಅದರಲ್ಲಿ ಕ್ಯಾಮೆರಾ ಇದೆ, ನಿಮ್ಮ ರಟ್ಟೆಯಲ್ಲಿ ಶಕ್ತಿ ಇದೆ. ಅಜ್ಜನ ಹತ್ತಿರ ಗಾಡಿ ಇದೆ, ವಿದ್ಯೆ ಇದೆ. ಒಂದು ಭಾನುವಾರ ಕಾಕಾನ ಗ್ಯಾರೇಜಲ್ಲಿ ಕೂತು, ಅವರು ಹೇಳ್ತಾ ಹೋದಂತೆ ನೀವೇ ಬಿಚ್ಚಿ, ವಿಡಿಯೋ ಮಾಡಿ ಇಡಿ. ಅವರ ಬೆನ್ನಿಗೆ ಆರಾಮ, ಗಾಡಿಗೆ ಆಯುಷ್ಯ, ನಿಮಗೆ ಕಸುಬು.

ಖರ್ಚಿನ ಲೆಕ್ಕವನ್ನೂ ತಣ್ಣಗೆ ಹಾಕೋಣ. ಆ 10,000 ರೂಪಾಯಿ ಐದು ವರ್ಷಕ್ಕೆ. ವರ್ಷಕ್ಕೆ 2,000, ತಿಂಗಳಿಗೆ 170ಕ್ಕಿಂತ ಕಡಿಮೆ. ಜೊತೆಗೆ ಫಿಟ್‌ನೆಸ್ ಪರೀಕ್ಷೆ ಪಾಸಾಗಬೇಕು. ದೆಹಲಿ ಸುತ್ತಮುತ್ತಲಿನ ನಿಯಮ ಬೇರೆ. ನಮ್ಮಲ್ಲಿ 15 ವರ್ಷ ಆಯ್ತು ಅನ್ನೋ ಒಂದೇ ಕಾರಣಕ್ಕೆ ಖಾಸಗಿ ಕಾರನ್ನ ಗುಜರಿಗೆ ಹಾಕಬೇಕಿಲ್ಲ. ಮೊದಲ ನೋಂದಣಿ ಆಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಇದ್ರೆ, 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುತ್ತೆ. ಶುಲ್ಕ 20,000, ಅವಧಿ 10 ವರ್ಷ, ಮರುನೋಂದಣಿಗೆ 5,000. ಆದ್ರೆ ನೆನಪಿಡಿ, ವಿಂಟೇಜ್ ಆದ ಮೇಲೆ ದಿನಾ ಸಂತೆಗೆ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿ ಇಂಥವಕ್ಕೆ ಮಾತ್ರ.

ಹಾಗಂತ ಎಲ್ಲರಿಗೂ ಇದು ಆಗುತ್ತೆ ಅಂತ ನಾನು ಹೇಳೋದಿಲ್ಲ. ಮಕ್ಕಳ ಫೀಸು, ಆಸ್ಪತ್ರೆ ಖರ್ಚು ಮೊದಲು. ಮೂರು ಗಾಡಿ ಇದ್ರೆ ಎರಡನ್ನ ಪ್ರೀತಿಯಿಂದ ನೋಡ್ಕೊಳ್ಳೋರಿಗೆ ಕೊಟ್ಟು, ಒಂದನ್ನ ಇಟ್ಕೊಳ್ಳಿ. ಅದನ್ನೂ ಬಿಡಬೇಕಾಗಿ ಬಂದ್ರೆ ಅದು ಸೋಲಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹದಲ್ಲಿ ಹಳೇ ಕಾರುಗಳ ಮುಂದೆ ನಿಂತು ಮೊಮ್ಮಕ್ಕಳಿಗೆ ಒಂದೊಂದರ ಕಥೆ ಹೇಳೋದೂ ಇದೇ ಹವ್ಯಾಸದ ಭಾಗ.

ಕೊನೆಗೆ ಮಸ್ಕಿಯ ಕಲ್ಲು. 1915ರಲ್ಲಿ ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರ್ ಬಂಗಾರದ ಜಾಡು ಹುಡುಕ್ತಾ ಬಂದಾಗ ಸಿಕ್ಕಿದ್ದು ಅಶೋಕನ ಶಾಸನ. ದೇವಾನಾಂಪ್ರಿಯ ಅಂದ್ರೆ ಅಶೋಕನೇ ಅಂತ ಜಗತ್ತಿಗೆ ಖಾತ್ರಿಯಾಗಿದ್ದು ಅದರಿಂದ. ಶಾಲೆಯಲ್ಲಿ ಇಷ್ಟು ಓದಿರ್ತೀರಿ. ಆದ್ರೆ ಆ ಶಾಸನದ ತಿರುಳು ಇನ್ನೊಂದು: ದೊಡ್ಡ ಗುರಿ ಮುಟ್ಟೋದು ದೊಡ್ಡವರಿಗೆ ಮಾತ್ರ ಅಂತ ತಿಳೀಬೇಡಿ, ಶ್ರದ್ಧೆ ಇದ್ರೆ ಸಣ್ಣವರೂ ಮುಟ್ಟಬಹುದು. ಅಶೋಕ ಹೇಳಿದ್ದು ಧರ್ಮದ ಬಗ್ಗೆ, ಕಾರಿನ ಬಗ್ಗೆ ಅಲ್ಲ ಬಿಡಿ. ಆದ್ರೂ ನಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ. ರಾಜನ ರೋಲ್ಸ್ ರಾಯ್ಸ್ ನಿಂತೇ ಇತ್ತು, ಮಿಸ್ತ್ರಿಯ ಕೈ ಬಿದ್ದ ಜೀಪು ಓಡ್ತಾನೇ ಇತ್ತು.

ಈ ವಾರ ಒಂದು ಸಣ್ಣ ಕೆಲಸ ಮಾಡಿ. ಮನೆಯಲ್ಲಿ ಹಳೇ ಗಾಡಿ ಇದ್ರೆ ಆರ್‌ಸಿ ತೆಗೆದು ಮೊದಲ ನೋಂದಣಿಯ ದಿನಾಂಕ, ನವೀಕರಣದ ಗಡುವು ನೋಡಿ. ಗಡುವು ತಪ್ಪಿದ್ರೆ ಕಾರಿಗೆ ತಿಂಗಳಿಗೆ 500 ರೂಪಾಯಿ ದಂಡ ಬೀಳುತ್ತೆ. ಆಮೇಲೆ ಅದನ್ನ ಓಡಿಸಿದವರ ಹತ್ತಿರ ಹೋಗಿ ಕೂತು ಕೇಳಿ.