ಅಂದಾಜು

ತಾರಿಹಾಳ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಹೊಸ ಯಂತ್ರದ ಮಾತೆದ್ದರೆ ಮೊದಲು ಕೇಳುವುದು: ‘ಅಂದಾಜ ಎಷ್ಟ್ ಬೀಳ್ತೈತ್ರಿ?’ ಪದ ಪಾರಸಿಯದು. ಅಲ್ಲಿ ‘ಅಂದಾಖ್ತನ್’ ಎಂದರೆ ಎಸೆಯುವುದು, ಅದರ ಧಾತುರೂಪವೇ ‘ಅಂದಾಜ್’. ಗುಂಡೆಸೆಯುವವನು ‘ಗೋಲಂದಾಜ’, ಮರಾಠಿ ಕ್ರಿಕೆಟ್ ವರದಿಗಳಲ್ಲಿ ಬೌಲರನಿಗೂ ಅದೇ ಹೆಸರು. ಅಳತೆ ಎಂಬ ಅರ್ಥದ ‘ಅಂದಾಜಾ’ ಇದರದೇ ಬಳಗ.

ಕಂಪ್ಯೂಟರ್ ಮಾದರಿಗಳು ಬಂದ ಮೇಲೂ ಈ ಎಸೆತ ನಿಂತಿಲ್ಲ. ನಿಕೊಲಸ್ ಮೆಟ್ರೊಪೊಲಿಸ್ ಮತ್ತು ಸ್ಟಾನಿಸ್ಲಾವ್ ಉಲಾಮ್ 1949ರಲ್ಲಿ ಪ್ರಕಟಿಸಿದ ಲೇಖನದ ‘ಮಾಂಟೆ ಕಾರ್ಲೊ’ ವಿಧಾನಕ್ಕೆ ಜೂಜುಕಟ್ಟೆಯ ಊರಿನ ಹೆಸರು. ಕಬ್ಬಿಣದ ದರ, ಬರುವ ಆರ್ಡರು, ಸಾಲದ ಬಡ್ಡಿ ಇವು ಎಷ್ಟರಿಂದ ಎಷ್ಟರವರೆಗೆ ಏರಿಳಿಯಬಹುದೆಂದು ಕೊಟ್ಟರೆ, ಕಂಪ್ಯೂಟರು ಸಾವಿರಾರು ಸಲ ದಾಳ ಉರುಳಿಸಿ ನೋಡುತ್ತದೆ. ಕೊಡುವ ಉತ್ತರ ಒಂದೇ ಅಂಕಿಯಲ್ಲ; ನೂರಕ್ಕೆ ಎಷ್ಟು ಸಲ ನಷ್ಟ ಎಂಬ ಲೆಕ್ಕ. ಸಾಲ ಮಾಡಿ ಯಂತ್ರ ತರುವವನಿಗೆ ಬೇಕಾದದ್ದು ನಿಜಕ್ಕೂ ಇದೇ. ಕೊಟ್ಟ ಮಿತಿಗಳೇ ಮನಸ್ಸಿಗೆ ಬಂದಂತಿದ್ದರೆ ಮಾತ್ರ ಹಳೆಯ ‘ಅಂದಾಜಿನ ಮ್ಯಾಲೆ’ ವ್ಯವಹಾರವೇ.

ವಿಧಾನಮಂಡಲದ ‘ಅಂದಾಜುಗಳ ಸಮಿತಿ’ಯಲ್ಲಿ ಪದಕ್ಕೆ ಬಹುವಚನವೂ ಉಂಟು. ಮುಂದಿನದನ್ನು ಹೇಳುವಾಗ ಪತ್ರಿಕೆಗಳು ‘ಮುನ್ನಂದಾಜು’ ಎನ್ನುತ್ತವೆ: ಕನ್ನಡ ತಲೆ, ಪಾರಸಿ ಒಡಲು.