ಕಾಮಾ ಬಂದ ದಾರಿ, ಕನ್ನಡ ನಡೆದ ದಾರಿ

ಪೋಷಕರು ನನ್ನನ್ನು ಆಗಾಗ ಕೇಳುವ ಪ್ರಶ್ನೆಯೊಂದಿದೆ: "ಇಂಗ್ಲಿಷಿನ ಕಾಮಾ, ಅಪಾಸ್ಟ್ರಫಿ ತಪ್ಪಿದ್ದಕ್ಕೇ ಅಂಕ ಹೋಗುತ್ತಿದೆ. ಅದರ ಮೇಲೆ ಕನ್ನಡವೂ ಸೇರಿದರೆ ಮಗು ಗೊಂದಲಕ್ಕೆ ಬೀಳುವುದಿಲ್ಲವೇ?" ಅಲ್ ಕೂಜ್‌ನ ಅಂಗಡಿ ಫಲಕಗಳಲ್ಲಿ ಅರಬ್ಬಿ ಬಲದಿಂದ ಎಡಕ್ಕೆ, ಇಂಗ್ಲಿಷ್ ಎಡದಿಂದ ಬಲಕ್ಕೆ. ಮನೆಯಲ್ಲಿ ಕನ್ನಡ. ಹಾಗಾಗಿ ಈ ಆತಂಕ ಸಹಜವೇ. ಆದರೆ ಈ ಚಿಹ್ನೆಗಳ ಇತಿಹಾಸ ತಿಳಿದರೆ ಆತಂಕ ಕಡಿಮೆಯಾಗುತ್ತದೆ.

ಇಂಗ್ಲಿಷಿನ ಚಿಹ್ನೆಗಳು ಅನಾದಿಯಿಂದ ಬಂದವಲ್ಲ. ಅರ್ಧವಿರಾಮವನ್ನು ಈಗಿನ ರೂಪಕ್ಕೆ ತಂದದ್ದು ಸುಮಾರು 500 ವರ್ಷಗಳ ಹಿಂದೆ, ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಷಿಯಸ್. ಅರಬ್ಬಿಗೆ ಇಂಥ ಚಿಹ್ನೆಗಳನ್ನು ಕ್ರಮಬದ್ಧಗೊಳಿಸಿ ಈಜಿಪ್ಟಿನ ಅಹ್ಮದ್ ಝಕಿ ಪಾಷಾ ಪುಸ್ತಕ ಪ್ರಕಟಿಸಿದ್ದು 1912ರಲ್ಲಿ. ಬಲದಿಂದ ಓದುವವರಿಗೆ ತಕ್ಕಂತೆ ಅಲ್ಲಿನ ಪ್ರಶ್ನೆಚಿಹ್ನೆ ಮುಖ ತಿರುಗಿಸಿ ನಿಂತಿದೆ.

ನಮ್ಮಲ್ಲಿ? ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ ಕಾಮಾ ಇಲ್ಲ. ತಾಳೆಗರಿಗಳಲ್ಲಿ ಪದಗಳ ನಡುವೆ ಜಾಗ ಬಿಡದೆ ಬರೆದು, ಪದ್ಯ ಮುಗಿದಲ್ಲಿ ಅಡ್ಡಗೆರೆಯಲ್ಲ, ನೆಟ್ಟಗೆರೆ ಎಳೆಯುತ್ತಿದ್ದರು. ಇಂದಿನ ಲೇಖನ ಚಿಹ್ನೆಗಳು ನಮಗೆ ರೂಢಿಯಾದದ್ದು 19ನೇ ಶತಮಾನದ ಮುದ್ರಣ ಮತ್ತು ಪಠ್ಯಪುಸ್ತಕಗಳ ಮೂಲಕ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಆರಂಭವಾಯಿತು. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು.

ಅಷ್ಟು ಶತಮಾನ ಚಿಹ್ನೆಗಳಿಲ್ಲದೆ ಕನ್ನಡ ನಡೆದದ್ದು ಹೇಗೆ? ಆ ಕೆಲಸವನ್ನು ಪ್ರತ್ಯಯಗಳೇ ಮಾಡುತ್ತಿದ್ದವು. ಕ್ರಿಯಾಪದ ಬಂದರೆ ಸಾಮಾನ್ಯವಾಗಿ ವಾಕ್ಯ ಮುಗಿಯಿತು. 'ಬಂದನೇ' ಎಂದರೆ ಪ್ರಶ್ನೆ. 'ಎಂದು' ಬಂದರೆ ಇನ್ನೊಬ್ಬರ ಮಾತು ಅಲ್ಲಿಗೆ ಮುಗಿಯಿತು. ಇಂಗ್ಲಿಷಿನಲ್ಲಿ ಅಕ್ಷರ ಬಿಟ್ಟ ಜಾಗಕ್ಕೆ ಅಪಾಸ್ಟ್ರಫಿ ಬೇಕು; ನಮ್ಮಲ್ಲಿ 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆದಾಗ ಬಿಟ್ಟುಹೋದ ಉಕಾರಕ್ಕೆ ಯಾವ ಗುರುತೂ ಬೇಡ. ಇಂಥ ಲೋಪಸಂಧಿಯ ನಿಯಮವನ್ನು 13ನೇ ಶತಮಾನದಲ್ಲೇ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಹೇಳಿದ್ದಾನೆ.

ಈಗ ಪೋಷಕರ ಪ್ರಶ್ನೆಗೆ ಬರೋಣ. ಇಂಗ್ಲಿಷ್ ಓದುವ ಮಕ್ಕಳು ಎಲ್ಲೆಡೆ ಎಡವುವುದು 'ಇಟ್ಸ್', 'ದೇರ್', 'ಯುವರ್' ಪದಗಳಲ್ಲಿ. ಉಚ್ಚಾರ ಒಂದೇ, ಬರೆಯುವ ಬಗೆ ಬೇರೆ. ಅಪಾಸ್ಟ್ರಫಿ ಇರುವ 'ಇಟ್ಸ್' ಅನ್ನು ಹಿಂದೆ 'ಅದರ' ಎಂಬ ಅರ್ಥದಲ್ಲೂ ಇಂಗ್ಲಿಷರೇ ಬರೆಯುತ್ತಿದ್ದರು. ಇಲ್ಲಿ ಕನ್ನಡ ಬಲ್ಲ ಮಗುವಿಗೆ ಒಂದು ಅನುಕೂಲವಿದೆ. ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ನೋಡಲಿ: 'ಅದರ' ಎಂದಾದರೆ ಅಪಾಸ್ಟ್ರಫಿ ಬೇಡ, 'ಅದು' ಎಂದಾದರೆ ಬೇಕು. 'ಅಲ್ಲಿ', 'ಅವರ' ಎಂಬುವು ಕನ್ನಡದಲ್ಲಿ ಬೇರೆಬೇರೆಯಾಗಿಯೇ ಕೇಳಿಸುತ್ತವೆ. 'ನಿನ್ನ', 'ನೀನು' ಕೂಡ ಹಾಗೆಯೇ. ಗೊಂದಲ ಹೆಚ್ಚಿಸುವುದಿರಲಿ, ಕನ್ನಡ ಅದನ್ನು ಬಿಡಿಸಿಕೊಡುತ್ತದೆ.

ನಮ್ಮ ಭಾಷೆಯಲ್ಲೂ ಎಚ್ಚರ ಬೇಕಾದ ಜೋಡಿಗಳಿವೆ. 'ದನ' ಹಟ್ಟಿಯಲ್ಲಿರುತ್ತದೆ, 'ಧನ' ಪೆಟ್ಟಿಗೆಯಲ್ಲಿ. 'ಅಭಿನಂದನೆ' ಮೆಚ್ಚುಗೆ, 'ಅಭಿವಂದನೆ' ನಮಸ್ಕಾರ. ಹಳಗನ್ನಡದ 'ಪಾಲು', 'ಪತ್ತು' ಕಾಲಕ್ರಮದಲ್ಲಿ 'ಹಾಲು', 'ಹತ್ತು' ಆದವು. ಆ ಹಕಾರವನ್ನೂ ಬಿಟ್ಟು 'ಆಲು', 'ಅತ್ತು' ಎಂದರೆ ಅರ್ಥವೇ ಬದಲಾಗುತ್ತದೆ. ಇಂಥ ಸಂದೇಹಗಳಿಗೆ ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ತಾಳ್ಮೆಯಿಂದ ಉತ್ತರಿಸಿದರು. ತಪ್ಪು ಕಂಡರೆ ಗದರದೆ ಪದದ ಕಥೆ ಹೇಳುವ ಆ ರೀತಿ ನಮಗೂ ಮಾದರಿ.

ವಾರಕ್ಕೊಮ್ಮೆ ಸಿಗುವ ತರಗತಿಯಲ್ಲಿ ನಾವು ಅಕ್ಷರ ಕಲಿಸಬಲ್ಲೆವು. ಉಳಿದ ಆರು ದಿನ ಅದು ಬಾಯಲ್ಲಿ ಉಳಿಯಬೇಕಾದರೆ ಮನೆಯಲ್ಲಿ ದಿನಕ್ಕೆ ಒಂದು ಪುಟವನ್ನಾದರೂ ಗಟ್ಟಿಯಾಗಿ ಓದಿಸಿ. ಈ ವರ್ಷ ಕಲಿಕೆ ಮುಗಿಸಿದ ಮಕ್ಕಳಿಗೆ ಅಭಿನಂದನೆಗಳು. ಹಾರೈಕೆ ನಮ್ಮೆಲ್ಲರದು, ಅವರ ಕನ್ನಡದ ಆರೈಕೆ ಇನ್ನು ಮನೆಯವರದು.